ಸೋತ ವಾರದಲ್ಲಿ ತೆರೆದ ಪೇಟಿ

2020ರ ಡಿಸೆಂಬರ್‌ನಲ್ಲಿ ನಾನು ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತು ಸೋತೆ. ರಾಜ್ಯದ 5,700ಕ್ಕೂ ಹೆಚ್ಚು ಪಂಚಾಯ್ತಿಗಳಿಗೆ ಆಗ ಎರಡು ಹಂತದಲ್ಲಿ, 22ಕ್ಕೆ ಮತ್ತು 27ಕ್ಕೆ, ಮತದಾನ ನಡೆಯಿತು. 30ಕ್ಕೆ ಎಣಿಕೆ. ಆ ದಿನ ಊರೂರಲ್ಲೂ ಗೆದ್ದವರಿಗಿಂತ ಸೋತವರೇ ಹೆಚ್ಚಿದ್ದರು. ಹಾಗಾಗಿ ನನ್ನ ಸೋಲು ಹೇಳಿಕೊಳ್ಳುವಂಥ ಸುದ್ದಿಯಲ್ಲ. ನಾನು ಬರೆಯಬೇಕೆಂದಿರುವುದು ಸೋತ ಮೇಲಿನ ಒಂದು ವಾರದ ಬಗ್ಗೆ. ಅದರ ಜೊತೆಗೆ, ಸೋಲುವುದಕ್ಕೆ ಮುಂಚೆಯೇ ನಾನು ಊರಿಗೆ ಮಾಡಿದ್ದ ಒಂದು ಅನ್ಯಾಯದ ಬಗ್ಗೆಯೂ.

ನಮ್ಮದು ಕುಂದಗೋಳ ತಾಲ್ಲೂಕಿನ ಎರೆಹೊಲದ ಊರು. ಹಿಂಗಾರಿಗೆ ಜೋಳ, ಕಡಲೆ, ಕುಸುಬೆ. ಬ್ಯಾಡಗಿ ಮೆಣಸಿನಕಾಯಿ ನಮ್ಮ ಭಾಗದ ರೊಕ್ಕದ ಬೆಳೆ. ಸಂಗೀತದವರು ಕುಂದಗೋಳ ಅಂದರೆ ಬೇರೆಯದನ್ನೇ ನೆನೆಯುತ್ತಾರೆ. ಸವಾಯಿ ಗಂಧರ್ವರ ಊರು ಅದು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲೇ ಇದ್ದು ಕಲಿತದ್ದು ಅಲ್ಲಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗಿ ಕಲಿತದ್ದೂ ಅಲ್ಲೇ. ಆದರೆ ಸುತ್ತಲಿನ ಹಳ್ಳಿಗಳಿಗೆ ವಾರವಾರ ಸಿಗುವ ಹಾಡು ಆ ದೊಡ್ಡ ಹಾಡಲ್ಲ, ಭಜನೆ. ಶರೀಫರು ನಮಗೆ ಹತ್ತಿರದವರು. ಅವರ ಶಿಶುನಾಳ ಪಕ್ಕದ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಸೋಮವಾರ ರಾತ್ರಿ ಗುಡಿಯ ಕಟ್ಟೆಯ ಮೇಲೆ ನಮ್ಮ ಮ್ಯಾಳ ಕೂತರೆ ಶರೀಫರ ಪದ, ಕಡಕೋಳ ಮಡಿವಾಳಪ್ಪನವರ ಪದ, ನಡುವೆ ನಿಜಗುಣರದು, ಹೀಗೆ ಸಾಗುತ್ತದೆ. ಏಕತಾರಿ, ದಮ್ಮಡಿ, ತಾಳ, ತಬಲಾ, ಮತ್ತು ಒಂದು ಪೇಟಿ. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಅಂತಲೇ ಹೆಸರು.

ಆ ಪೇಟಿ ನನ್ನದಲ್ಲ. ಊರವರು ಪಟ್ಟಿ ಎತ್ತಿ, ಮನೆಗಿಷ್ಟು ಅಂತ ಕೂಡಿಸಿ ತಂದದ್ದು. ನುಡಿಸಲು ನನಗೆ ಬರುತ್ತಿತ್ತು ಅನ್ನುವ ಕಾರಣಕ್ಕೆ ನಮ್ಮ ಮನೆಯಲ್ಲಿ ಇಟ್ಟಿದ್ದರು. ಸೋಮವಾರ ಹೊತ್ತುಕೊಂಡು ಹೋಗುವುದು, ಮುಗಿದ ಮೇಲೆ ಹೊತ್ತು ತರುವುದು ನನ್ನ ಕೆಲಸ.

ಪಂಚಾಯ್ತಿಗೆ ನಿಲ್ಲಬೇಕೆಂಬ ಆಸೆ ನನ್ನ ತಲೆಗೆ ಹೊಕ್ಕದ್ದು ಚುನಾವಣೆಗೆ ಎರಡು ವರ್ಷ ಮುಂಚೆ. ಆಸೆಯೇನೂ ಕೆಟ್ಟದ್ದಾಗಿರಲಿಲ್ಲ. ಗಟಾರ ತುಂಬಿ ನಮ್ಮ ಓಣಿಯ ಶಾಲೆಯ ಬಾಗಿಲವರೆಗೆ ನೀರು ನಿಲ್ಲುತ್ತಿತ್ತು. ಗ್ರಂಥಾಲಯಕ್ಕೆ ಬೀಗ ಬಿದ್ದಿರುವ ದಿನಗಳೇ ಹೆಚ್ಚಿದ್ದವು. ಇದನ್ನೆಲ್ಲ ಸರಿಮಾಡಬಹುದು ಅಂತ ನಿಜವಾಗಿ ನಂಬಿದ್ದೆ. ಆದರೆ ನಂಬಿಕೆ ಇಟ್ಟುಕೊಂಡು ಮಾಡಿದ್ದೇನು? ಸಂಜೆಗಳನ್ನೆಲ್ಲ ಓಡಾಟಕ್ಕೆ ಕೊಟ್ಟೆ. ಯಾರದೋ ಮನೆಯ ನಿಶ್ಚಯ, ಇನ್ಯಾರದೋ ಜಗಳದ ಪಂಚಾಯ್ತಿ, ಕುಂದಗೋಳದಲ್ಲಿ ಒಬ್ಬ ನಾಯಕರ ಭೇಟಿ. ಮೊದಲು ಒಂದು ಸೋಮವಾರ ತಪ್ಪಿತು, ಆಮೇಲೆ ತಪ್ಪುವುದೇ ರೂಢಿಯಾಯಿತು. ಬರಲಾಗುವುದಿಲ್ಲ ಅಂದರೆ ಪೇಟಿಯನ್ನಾದರೂ ಕಳಿಸಬೇಕಿತ್ತು. ಕಳಿಸಲಿಲ್ಲ. 'ಬೇರೆಯವರ ಕೈಗೆ ಕೊಟ್ಟರೆ ಹಾಳಾಗುತ್ತದೆ' ಅಂದೆ. ಅಟ್ಟದ ಮೇಲಿಟ್ಟೆ. ಮ್ಯಾಳದವರು ಎರಡು ಸಲ ಕೇಳಿ ಸುಮ್ಮನಾದರು. ಏಕತಾರಿ, ದಮ್ಮಡಿಯಲ್ಲೇ ಹಾಡಿಕೊಂಡು ಹೋದರು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಬೇಡವೆಂದು ಹೊರಗಿಟ್ಟು, ದಶಕಗಳ ಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಆಗಲೂ ಭಜನೆಯ ಕಟ್ಟೆಯಿಂದ ಅದನ್ನು ಯಾರೂ ಇಳಿಸಿರಲಿಲ್ಲ. ನಮ್ಮೂರಲ್ಲಿ ಆ ಕೆಲಸವನ್ನು ನಾನು ಮಾಡಿದೆ.

ಇನ್ನೊಂದು ಮಾತನ್ನೂ ಹೇಳಬೇಕು. ಮತದಾರರ ಪಟ್ಟಿಯ ಜೆರಾಕ್ಸ್ ಮಾಡಿಸಿ ನೋಟ್‌ಬುಕ್ಕಿನ ಹಾಗೆ ಹೊಲಿಸಿಕೊಂಡಿದ್ದೆ. ನಮ್ಮವರೆಂದು ಕಂಡವರ ಹೆಸರಿನ ಮುಂದೆ ಹಸಿರು ಗೆರೆ, ಎದುರಾಳಿಯ ಕಡೆಯವರಿಗೆ ಕೆಂಪು, ಗೊತ್ತಾಗದವರಿಗೆ ಪ್ರಶ್ನೆ ಚಿಹ್ನೆ. ರಾತ್ರಿ ಊಟವಾದ ಮೇಲೆ ಅದನ್ನು ಹಿಡಿದು ಕೂರುತ್ತಿದ್ದೆ. ಚಿಕ್ಕಂದಿನಿಂದ ನನ್ನ ಜೊತೆ ದಮ್ಮಡಿ ಬಡಿದವನ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಇತ್ತು. ಪ್ರತಿ ಶಿವರಾತ್ರಿಗೆ ನಮ್ಮ ಮನೆಗೆ ಉಂಡಿ ಕಳಿಸುವ ಅವ್ವನ ಹೆಸರಿನ ಮುಂದೆ, ಅವಳ ಅಳಿಯ ಎದುರು ಪಾಳಯದವರ ಟ್ರ್ಯಾಕ್ಟರ್ ಹೊಡೆಯುತ್ತಾನೆಂದು, ಕೆಂಪು ಗೆರೆ ಎಳೆದಿದ್ದೆ. ಆಗ ಅದರಲ್ಲಿ ತಪ್ಪು ಕಾಣಲಿಲ್ಲ. ಎಲ್ಲರೂ ಹೀಗೇ ಮಾಡುತ್ತಾರೆ ಅನ್ನಿಸಿತ್ತು.

ಎಣಿಕೆಯ ದಿನ ಹೊಸ್ತಿಲ ಹುಣ್ಣಿಮೆ. ತಾಲ್ಲೂಕು ಕೇಂದ್ರದ ಎಣಿಕೆ ಕೋಣೆಯಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಲೆಯ ಈಚೆ ನಿಂತಿದ್ದೆವು. ಬೀದರ್ ಜಿಲ್ಲೆಯಲ್ಲಿ ಮತಯಂತ್ರ ಇಟ್ಟಿದ್ದರು. ನಮ್ಮಲ್ಲಿ ಕಾಗದದ ಮತಪತ್ರ. ಕಾಗದದ ಎಣಿಕೆ ಕಣ್ಣೆದುರಿಗೇ ನಡೆಯುತ್ತದೆ. ಪೆಟ್ಟಿಗೆ ಬಗ್ಗಿಸುತ್ತಾರೆ, ಮಡಿಕೆ ಬಿಚ್ಚುತ್ತಾರೆ, ಚಿಹ್ನೆಯ ಮೇಲಿನ ಮುದ್ರೆ ನೋಡಿ ಒಂದೊಂದು ಗುಂಪಿಗೆ ಇಡುತ್ತಾರೆ, ಕಟ್ಟು ಕಟ್ಟುತ್ತಾರೆ. ಯಾವ ಗುಂಪು ಎತ್ತರವಾಗುತ್ತಿದೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ನೋಟ್‌ಬುಕ್ಕಿನ ಹಸಿರು ಗೆರೆಗಳ ಅರ್ಧದಷ್ಟೂ ಬಂದಿರಲಿಲ್ಲ. ಗೆದ್ದವನು ನನಗಿಂತ ಕಿರಿಯ, ಕೆಳಗಿನ ಓಣಿಯವನು. ಹೊರಗೆ ಗುಲಾಲು ಹಾರುತ್ತಿತ್ತು. ನಾನು ಹಿಂದಿನ ಗೇಟಿನಿಂದ ಹೊರಟುಬಂದೆ.

ಆ ರಾತ್ರಿ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ನೋಟ್‌ಬುಕ್ ತೆಗೆದು ಹಸಿರು ಹೆಸರುಗಳನ್ನು ಒಂದೊಂದಾಗಿ ಓದುತ್ತ, ಇವರಲ್ಲಿ ಯಾರು ಕೈಕೊಟ್ಟಿರಬಹುದು ಅಂತ ಹುಡುಕಿದೆ. ಬೆಳಗಿನ ಜಾವದ ಹೊತ್ತಿಗೆ ಊರಿನಲ್ಲಿ ನಂಬುವಂಥವರು ಯಾರೂ ಉಳಿದಿರಲಿಲ್ಲ. ಮರುದಿನ ಅಂಗಡಿ ತೆಗೆಯಲಿಲ್ಲ, ಹೊಲಕ್ಕೂ ಹೋಗಲಿಲ್ಲ. ಹೆಂಡತಿ ಮಧ್ಯಾಹ್ನದವರೆಗೆ ನೋಡಿದಳು. ಆಮೇಲೆ, "ನೀವು ಬಾಗಲಾ ಹಾಕ್ಕೊಂಡು ಕುಂತ್ರ ಗಿಡದಾಗಿನ ಮೆಣಸಿನಕಾಯಿ ತಾವ ಬುಟ್ಟಿಗೆ ಬಂದು ಬೀಳತಾವೇನ್ರಿ?" ಅಂದು ಆಳುಗಳ ಜೊತೆ ತಾನೇ ಹೊರಟಳು.

ಸಂಜೆ ಕಾಕಾ ಬಂದ. ನಮ್ಮ ಮ್ಯಾಳದ ಹಿರಿಯ, ಏಕತಾರಿ ಅವನದು. ಸಮಾಧಾನ ಹೇಳಲು ಬಂದಿದ್ದಾನೆಂದುಕೊಂಡೆ. ಕಟ್ಟೆಯ ಮೇಲೆ ಕೂತು, ಕೊಟ್ಟ ಚಾ ಕುಡಿದು, "ಮೈಯಾಗ ಆರಾಮ ಐತಿಲ್ಲೋ?" ಅಂದ.

"ಐತಿ ಕಾಕಾ."

"ಹಂಗಾರ ಪೇಟಿ ತೆಗಿ. ಸೋಮವಾರ ಬಂತು."

ಅಷ್ಟೇ. ಚುನಾವಣೆಯ ಹೆಸರೆತ್ತಲಿಲ್ಲ. ಅವನ ಹೆಸರಿನ ಮುಂದೆ ನಾನು ಯಾವ ಬಣ್ಣ ಹಾಕಿದ್ದೆನೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಅವನ ಮುಖ ನೋಡಲಾಗಲಿಲ್ಲ.

ಪೇಟಿ ಇಳಿಸಿದೆ. ತಿದಿ ಎಳೆದರೆ ಗಾಳಿ ಬುಸ್ಸನೆ ಹೊರಗೆ ಹೋಯಿತು. ಮೂಲೆಯಲ್ಲಿ ಇಲಿ ಕಡಿದು ಹೆಬ್ಬೆರಳು ತೂರುವಷ್ಟು ತೂತು ಮಾಡಿತ್ತು. ಮೇಲಿನ ಹಲಗೆ ಬಿಚ್ಚಿ ನೋಡಿದರೆ ಬೆರಳಿನಿಂದ ಒತ್ತುವ ಮನೆಗಳ ಅಡಿಯ ಮೆತ್ತನೆಯ ಬಟ್ಟೆಯನ್ನು ನುಸಿ ತಿಂದಿತ್ತು. ಬೇರೆಯವರ ಕೈಗೆ ಕೊಟ್ಟರೆ ಹಾಳಾಗುತ್ತದೆ ಅಂದವನ ಅಟ್ಟದ ಮೇಲೇ ಅದು ಹಾಳಾಗಿತ್ತು. ಮನೆಗಿಷ್ಟು ಅಂತ ಕೊಟ್ಟ ರೊಕ್ಕದಲ್ಲಿ ಬಂದ ಪೇಟಿ! ಆ ಕ್ಷಣದಲ್ಲಿ ಆದ ನಾಚಿಕೆ ಎಣಿಕೆ ಕೋಣೆಯಲ್ಲಿ ಆಗಿರಲಿಲ್ಲ.

ಹುಬ್ಬಳ್ಳಿಗೆ ಒಯ್ದು ಕೊಡಬಹುದಿತ್ತು. ಆದರೆ ಸೋಮವಾರಕ್ಕೆ ಸಿಗುತ್ತಿರಲಿಲ್ಲ, ಮೇಲಾಗಿ ಇದನ್ನು ನಾನೇ ಮಾಡಬೇಕು ಅನ್ನಿಸಿತು. ಹಿಂದೆ ಕಂಪನಿ ನಾಟಕದ ಪೇಟಿ ಮಾಸ್ತರರೊಬ್ಬರ ಪಕ್ಕದಲ್ಲಿ ಕೂತು ಸಣ್ಣಪುಟ್ಟ ರಿಪೇರಿ ಕಲಿತಿದ್ದೆ. ಒಂದು ಕಾಲಕ್ಕೆ ಅದು ನನ್ನ ದೊಡ್ಡ ಹವ್ಯಾಸ. ಸುತ್ತಲಿನ ಊರುಗಳ ಪೇಟಿಗಳು ನಮ್ಮ ಪಡಸಾಲೆಗೆ ಬರುತ್ತಿದ್ದವು. ಅದನ್ನೂ ಓಡಾಟದಲ್ಲಿ ಬಿಟ್ಟಿದ್ದೆ. ಈಗ ಸ್ಕ್ರೂ ಡ್ರೈವರ್, ಬ್ಲೇಡು, ಅಂಟು, ಹಳೆಯ ಚರ್ಮದ ಚೀಲವೊಂದನ್ನು ಹರವಿಕೊಂಡು ಕೂತೆ.

ಪೇಟಿಯ ಒಳಗೆ ಹಿತ್ತಾಳೆಯ ಸ್ವರಗಳು ಸಾಲಾಗಿರುತ್ತವೆ. ಒಂದೊಂದೂ ಒಂದು ಪಟ್ಟಿ, ಅದರ ಸೀಳಿನ ಮೇಲೆ ಒಂದು ತೆಳುವಾದ ನಾಲಗೆ. ಗುಜರಾತಿನ ಪಾಲಿತಾಣದ ಸ್ವರಗಳಿಗೆ ಬಲ್ಲವರಲ್ಲಿ ಬಹಳ ಬೆಲೆ. ಗಾಳಿ ಸೀಳಿನಲ್ಲಿ ನುಗ್ಗಿದರೆ ನಾಲಗೆ ನಡುಗುತ್ತದೆ, ನಾದ ಬರುತ್ತದೆ. ನಾಲಗೆ ಮತ್ತು ಸೀಳಿನ ನಡುವಿನ ಸಂದು ಎಷ್ಟು ಕಡಿಮೆಯೆಂದರೆ ಒಂದು ಧೂಳಿನ ಕಣ ಸಿಕ್ಕಿದರೆ ಸಾಕು, ಸ್ವರ ಮೂಕ. ನಮ್ಮ ಪೇಟಿಯ ಮಂದ್ರದ ಗಾಂಧಾರ ಹಾಗೆ ಮೂಕವಾಗಿತ್ತು. ತೆಳ್ಳನೆಯ ಕಾಗದದ ಚೂರನ್ನು ನಾಲಗೆಯ ಅಡಿ ಮೆಲ್ಲಗೆ ತೂರಿಸಿ ಎಳೆದೆ. ಕಪ್ಪು ಕಸ ಬಂತು. ಉಗುರಿನಿಂದ ಮೀಟಿದರೆ ಸಣ್ಣಗೆ ನುಡಿಯಿತು. ಆದರೆ ಶ್ರುತಿ ಇಳಿದಿತ್ತು. ಇಳಿದ ಸ್ವರವನ್ನು ಏರಿಸಬೇಕಾದರೆ ನಾಲಗೆಯ ತುದಿಯನ್ನು ಕೂದಲೆಳೆಯಷ್ಟು ಉಜ್ಜಬೇಕು. ಏರಿದ್ದನ್ನು ಇಳಿಸಬೇಕಾದರೆ ಬುಡದ ಕಡೆ. ಒಮ್ಮೆ ಹೆಚ್ಚು ಉಜ್ಜಿದರೆ ಮುಗಿಯಿತು, ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಒಂದು ಸಲ ಉಜ್ಜು, ಪಟ್ಟಿ ಕೂರಿಸು, ತಿದಿ ಹಾಕು, ಕೇಳು. ಮತ್ತೆ ತೆಗೆ. ಕೇಳುವುದೇ ಕೆಲಸದ ಮುಕ್ಕಾಲು ಪಾಲು. ಎರಡು ವರ್ಷ ನಾನು ಮಾಡಿದ್ದು ಬರೀ ಮಾತಾಡುವುದು. ಪ್ರಚಾರಕ್ಕೆ ಹೋದ ಮನೆಗಳಲ್ಲಿ ಯಾರಾದರೂ ಏನಾದರೂ ಹೇಳತೊಡಗಿದರೆ, ಅದು ಹಸಿರೋ ಕೆಂಪೋ ಎಂದು ತಿಳಿಯುವಷ್ಟು ಮಾತ್ರ ಕೇಳಿಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆ. ಗಾಂಧಾರ ಷಡ್ಜದ ಜೊತೆ ಕೂಡಿದ್ದು ನಡುರಾತ್ರಿಯಾದ ಮೇಲೆ. ಅದನ್ನು ಒತ್ತಿ ಹಿಡಿದು ಕೂತಾಗ ಎದೆಯಲ್ಲಿ ಬಿಗಿದಿದ್ದ ಏನೋ ಸಡಿಲಾಯಿತು, ಅಳು ಬಂತು.

ಜನವರಿ 1ಕ್ಕೆ ಮಗಳ ಶಾಲೆ ತೆರೆಯಿತು. ಕೊರೊನಾದಿಂದ ಮಾರ್ಚ್‌ನಲ್ಲಿ ಮುಚ್ಚಿದ್ದ ಶಾಲೆ. ಹತ್ತನೇ ತರಗತಿಯವರಿಗೆ ಅಂದು ಮೊದಲ ಪಾಠ. ಅಷ್ಟು ತಿಂಗಳು ಮನೆಯಲ್ಲಿ ಕೂತು ಅವಳು ಹಕ್ಕಿಗಳ ಹುಚ್ಚು ಹಿಡಿಸಿಕೊಂಡಿದ್ದಳು. ಹೊಲದ ಬದುವಿನಲ್ಲಿ ಕೂತು ನೋಡಿದ ಹಕ್ಕಿಗಳನ್ನು ಪಟ್ಟಿಯಲ್ಲಿ ಬರೆದು, ಗುರುತು ಹಾಕಿ, ಚಿತ್ರ ಬಿಡಿಸಿ ಇಟ್ಟಿದ್ದಳು. ಮಾಗಡಿ ಕೆರೆಗೆ ಕರೆದುಕೊಂಡು ಹೋಗು ಅಂತ ನವೆಂಬರ್‌ನಿಂದ ಕೇಳುತ್ತಿದ್ದಳು. ಪ್ರತಿ ಸಲವೂ 'ಚುನಾವಣೆ ಮುಗೀಲಿ' ಅಂದಿದ್ದೆ. ಮುಗಿದಿತ್ತಲ್ಲ! ಭಾನುವಾರ ನಸುಕಿನಲ್ಲಿ ಬೈಕ್ ತೆಗೆದೆ.

ಲಕ್ಷ್ಮೇಶ್ವರ ದಾಟಿ ಹೋದರೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ. ಊರಿನ ಮಗ್ಗುಲಲ್ಲೇ ಕೆರೆ. ಮೇಲಿನಿಂದ ನೋಡಿದರೆ ನೀರಿನ ಅಂಚಿಗೆ ಬೂದು ಬಣ್ಣದ ಪಟ್ಟಿಯೊಂದು ಕಾಣುತ್ತದೆ. ಹತ್ತಿರ ಹೋದರೆ ಅದಷ್ಟೂ ಹಕ್ಕಿ. ಪಟ್ಟೆತಲೆ ಹೆಬ್ಬಾತುಗಳು: ಬಿಳಿ ತಲೆ, ಹಿಂಬದಿಗೆ ಎರಡು ಕರಿಪಟ್ಟೆ, ಹಳದಿ ಕೊಕ್ಕು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬಂದು ಚಳಿಗಾಲ ಕಳೆದು ಹೋಗುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ರಾತ್ರಿ ಸುತ್ತಲಿನ ಶೇಂಗಾ, ಕಡಲೆಯ ಹೊಲಗಳಲ್ಲಿ ಮೇವು. (ಮೂರು ವರ್ಷದ ನಂತರ, 2024ರ ಜನವರಿಯಲ್ಲಿ, ಈ ಕೆರೆ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ಮಗಳು ಹಾಸ್ಟೆಲ್ಲಿನಿಂದ ಫೋನ್ ಮಾಡಿ ಕಿರುಚಿದಳು.) ದಂಡೆಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ರೈತರೊಬ್ಬರನ್ನು ನಿಮ್ಮ ಕಡಲೆ ತಿನ್ನುವುದಿಲ್ಲವೇ ಅಂತ ಕೇಳಿದೆ. "ತಿಂತಾವ್ರಿ. ಅಷ್ಟು ದೂರದಿಂದ ಬಂದಾವ, ಹಸಗೊಂಡ ಕುಂದ್ರಬೇಕೇನ್ರಿ? ಅವುಗಳ ಹಿಕ್ಕಿ ನಮ್ಮ ಹೊಲಕ್ಕ ಗೊಬ್ಬರ" ಅಂದರು. ಮಗಳು ಎಣಿಸತೊಡಗಿದ್ದಳು. ಯಾವುದೋ ಸದ್ದಿಗೆ ಹಿಂಡು ಮೇಲೆದ್ದು ಕೆರೆಯ ತುಂಬ ರೆಕ್ಕೆಯ ಸದ್ದಾಯಿತು. ಅವಳು ಪೆನ್ನು ಕಿಸೆಗೆ ಹಾಕಿ ಮುಖ ಎತ್ತಿ ನೋಡುತ್ತ ನಿಂತಳು. ಆ ಮುಖವನ್ನು ನಾನು ಎಷ್ಟೋ ತಿಂಗಳಿಂದ ಸರಿಯಾಗಿ ನೋಡಿರಲಿಲ್ಲ. ಕೆನ್ನೆಯ ಮೂಳೆ ಎದ್ದು, ಥೇಟ್ ನನ್ನ ಅವ್ವನ ಹಾಗೆ ಆಗಿದ್ದಳು.

ಸೋಮವಾರ ಪೇಟಿ ಹೊತ್ತು ಗುಡಿಗೆ ಹೋಗುವಾಗ ಕಾಲು ಭಾರವಾಗಿತ್ತು. ಯಾರ ಎದುರು ಕೂರುವುದು? ಯಾರು ಏನಂದಾರು? ಹೋದರೆ ಕಟ್ಟೆಯ ಮೇಲೆ ತಾಳ ಹಿಡಿದು ಕೂತವನು ಗೆದ್ದವನೇ. ಅವನು ವಿಶೇಷವಾಗಿ ಬಂದಿರಲಿಲ್ಲ, ಪ್ರತಿ ಸೋಮವಾರ ಬರುತ್ತಿದ್ದ. ನಾನು ಬಾರದ ಅಷ್ಟೂ ವಾರ ಅವನು ಬಂದಿದ್ದ. ಅದರಿಂದಲೇ ಅವನು ಗೆದ್ದ ಅಂತ ನಾನು ಹೇಳಲಾರೆ. ಕೆಳಗಿನ ಓಣಿಯಲ್ಲಿ ಅವನ ಬಳಗ ದೊಡ್ಡದು. ಖರ್ಚೂ ಇಬ್ಬರದೂ ಆಗಿತ್ತು. ಆದರೆ ಊರಿನ ಜೊತೆ ಇರುವುದನ್ನು ಬಿಟ್ಟು ಊರನ್ನು ಗೆಲ್ಲಲು ಹೊರಟವನು ನಾನು. ಇದು ಮಾತ್ರ ನನಗೆ ಅಲ್ಲಿ, ಅವನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂರುವಾಗ, ಖಚಿತವಾಯಿತು.

ಕಾಕಾ ಏಕತಾರಿ ಮೀಟಿ, "ಬಿಳಿ ನಾಕು ಹಿಡಿ" ಅಂದ. ಹಿಡಿದೆ.

ಭಜನೆಯ ಹಾಡನ್ನು ರೆಕಾರ್ಡಿನಲ್ಲಿ ಕೇಳಿದವರಿಗೆ ಅದರ ಅರ್ಧವೇ ಸಿಕ್ಕಿರುತ್ತದೆ. ಕಟ್ಟೆಯ ಮೇಲೆ ಕೂತಾಗ ದಮ್ಮಡಿಯ ಪೆಟ್ಟು ಕಿವಿಗಿಂತ ಮೊದಲು ತೊಡೆಗೆ ತಾಕುತ್ತದೆ. ಮುಂದಿನವನು ಒಂದು ನುಡಿ ಬಿಡುತ್ತಾನೆ, ಮ್ಯಾಳ ಎತ್ತಿಕೊಳ್ಳುತ್ತದೆ. ಮ್ಯಾಳದಲ್ಲಿ ಒಬ್ಬನ ಧ್ವನಿ ಒಡಕು, ಇನ್ನೊಬ್ಬ ಅರ್ಧ ಮಾತ್ರೆ ಮುಂದೆ. ಆದರೂ ಮೂರನೇ ಸುತ್ತಿಗೆ ಎಲ್ಲ ಒಂದಾಗಿ, ನಡೆ ತಾನಾಗಿ ಏರುತ್ತದೆ. ಏರಿದಾಗ ಯಾರು ಏರಿಸಿದರೆಂದು ಹೇಳಲಾಗುವುದಿಲ್ಲ. ಪೇಟಿಯವನ ಕೆಲಸ ಅಲ್ಲಿ ಮುಂದೆ ಓಡುವುದಲ್ಲ, ಹಾಡುವವನ ಉಸಿರು ನಿಂತಲ್ಲಿ ನಾದ ನಿಲ್ಲದ ಹಾಗೆ ತುಂಬುವುದು. ನನ್ನ ಕೈ ಮರಗಟ್ಟಿತ್ತು, ಎರಡು ಕಡೆ ತಪ್ಪು ಮನೆ ಒತ್ತಿದೆ. ದಮ್ಮಡಿಯವನು ಕಣ್ಣಲ್ಲೇ 'ನಡೀಲಿ' ಅಂದ. ನನ್ನ ಪ್ರಶ್ನೆ ಚಿಹ್ನೆಯ ಗೆಳೆಯ. ಶರೀಫರ ಪದವೊಂದರ ನಡುವೆ ಅವನೂ ಗೆದ್ದವನೂ ನಾನೂ ಒಂದೇ ಸಾಲನ್ನು ಎತ್ತಿ ಹಾಡುತ್ತಿದ್ದೆವು. ಶರೀಫರಿಗೆ ಗುರು ಕಳಸದ ಗೋವಿಂದಭಟ್ಟರು. ಒಬ್ಬ ಬ್ರಾಹ್ಮಣ ಗುರು, ಒಬ್ಬ ಮುಸಲ್ಮಾನ ಶಿಷ್ಯ. ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟು ಮಂದಿಯ ಮಾತು ಕೇಳಬೇಕಾಗಿ ಬಂದಿರಬೇಕು ಅವರಿಬ್ಬರಿಗೆ! ಆ ಪದಗಳನ್ನು ಬಾಯಿತುಂಬ ಹಾಡುತ್ತ ಬೆಳೆದ ನಾನು ಒಂದು ವಾರ್ಡಿನ ಜನರನ್ನು ಮೂರು ಬಣ್ಣಕ್ಕೆ ಹಂಚಿ ಕೂತಿದ್ದೆ.

ಮಂಗಳ ಹಾಡಿ ಎದ್ದಾಗ ಗೆದ್ದವನು ಪೇಟಿಯ ಒಂದು ಕಡೆ ಹಿಡಿದ. ನಡೆಯುತ್ತ, "ಅಣ್ಣಾ, ಪ್ರಚಾರದಾಗ ನೀವು ಗ್ರಂಥಾಲಯದ್ದು ಹೇಳತಿದ್ರಲ್ಲ, ಅದನ್ನ ಬರದು ಕೊಡ್ರಿ. ಮೊದಲನೇ ಸಭಾದಾಗ ಇಡತೀನಿ. ನನಗ ಹಂಗ ಬರಿಯಾಕ ಬರಂಗಿಲ್ಲ" ಅಂದ.

ನಾನು ತಕ್ಷಣ ಉತ್ತರ ಕೊಡಲಿಲ್ಲ. ನನ್ನ ವಿಷಯ ಇವನ ಹೆಸರಿಗೆ ಹೋಗುತ್ತದಲ್ಲ ಎಂಬ ಸಂಕಟ ಮನೆಯ ಬಾಗಿಲು ಮುಟ್ಟುವವರೆಗೂ ಇತ್ತು. ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಆ ರಾತ್ರಿಯೇ ಕೂತು ಬರೆದೆ. ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದಿದ್ದವು. ಹಿಂದಿನ ನವೆಂಬರ್‌ನಲ್ಲಷ್ಟೇ ಮಕ್ಕಳನ್ನು ಅಲ್ಲಿಗೆ ಸೆಳೆಯಲು 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿತ್ತು. ಅಂದರೆ ಕೇಳುವ ಹಕ್ಕೂ ಇತ್ತು, ಕೊಡುವ ದಾರಿಯೂ ಇತ್ತು. ಸಂಜೆ ಬಾಗಿಲು ತೆರೆದಿರಬೇಕು, ಒಂದು ದೀಪ, ಮಕ್ಕಳಿಗೆ ತಗ್ಗಿನ ಬೆಂಚು, ಸ್ಪರ್ಧಾ ಪರೀಕ್ಷೆಯ ಪುಸ್ತಕ. ಬರೆಯುತ್ತ ಹೋದಂತೆ ಇವೆಲ್ಲ ನನಗೆ ನಿಜವಾಗಿ ಬೇಕಾಗಿದ್ದವು ಎಂಬುದು ನೆನಪಾಯಿತು. ಸದಸ್ಯನಾಗುವ ಆಸೆಯ ಅಡಿಯಲ್ಲಿ ಅವು ಸಿಕ್ಕಿಕೊಂಡಿದ್ದವು. ಬರೆದು ಮುಗಿಸಿದ ಮೇಲೆ ಪಂಚಾಯತ್ ರಾಜ್ ಅಧಿನಿಯಮದ ಪುಸ್ತಕ ತೆಗೆದೆ. ಸದಸ್ಯನ ಅಧಿಕಾರಗಳ ಪುಟಗಳನ್ನು ಹಿಂದೆ ಎಷ್ಟೋ ಸಲ ಓದಿದ್ದೆ. ವಾರ್ಡ್ ಸಭೆ, ಗ್ರಾಮ ಸಭೆಯ ಪುಟಗಳನ್ನು ಮೊದಲ ಸಲ ಗಮನವಿಟ್ಟು ಓದಿದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಆ ಸಭೆಯ ಸದಸ್ಯರು. ನಾನು ಬಣ್ಣ ಬಳಿದಿದ್ದ ಅದೇ ಪಟ್ಟಿ. ಸೋತವನ ಹೆಸರೂ ಅದರಲ್ಲಿತ್ತು.

ಬೆಳಗ್ಗೆ ಆ ನೋಟ್‌ಬುಕ್ಕನ್ನು ನೀರಿನ ಒಲೆಗೆ ಹಾಕಿ, ಬರೆದ ಕಾಗದ ಕೊಟ್ಟು ಬಂದೆ.

ಗ್ರಂಥಾಲಯ ಈಗ ಸಂಜೆಯೂ ತೆರೆಯುತ್ತದೆ. ಬೆಂಚು ಬರಲು ಒಂದು ವರ್ಷದ ಮೇಲಾಯಿತು. ಗಟಾರದ ಕೆಲಸ ಅರ್ಧ ಆಗಿ ನಿಂತಿದೆ. ಅದಕ್ಕಾಗಿ ಆ ಸದಸ್ಯನಿಗೂ ನನಗೂ ವಾರ್ಡ್ ಸಭೆಯಲ್ಲಿ ಜೋರು ಮಾತಾಗಿದೆ, ಒಮ್ಮೆ ತಿಂಗಳುಗಟ್ಟಲೆ ಮಾತು ಬಿಟ್ಟದ್ದೂ ಉಂಟು. ಸೋಮವಾರ ತಾಳ, ಪೇಟಿ ಮಾತ್ರ ಪಕ್ಕಪಕ್ಕದಲ್ಲೇ ಇದ್ದವು. ಪೇಟಿಯನ್ನು ಈಗ ಗುಡಿಯ ಕೋಣೆಯಲ್ಲಿ ಇಡುತ್ತೇವೆ, ಕಲಿಯುವ ಮಕ್ಕಳ ಕೈಗೂ ಕೀಲಿ ಸಿಗುತ್ತದೆ. ಅವರು ಹಾಳು ಮಾಡಿದರೆ ನಾನು ಕೂತು ಸರಿಮಾಡುತ್ತೇನೆ. ಮತ್ತೆ ಚುನಾವಣೆಗೆ ನಿಲ್ಲುವೆಯಾ ಎಂದು ಓಣಿಯವರು ಆಗಾಗ ಕೇಳುತ್ತಾರೆ. ನಿಲ್ಲಬಹುದು, ಇನ್ನೂ ನಿಶ್ಚಯಿಸಿಲ್ಲ. ನಿಂತರೂ ಸೋಮವಾರ ಸಂಜೆ ಪ್ರಚಾರಕ್ಕೆ ಬರುವುದಿಲ್ಲವೆಂದು ಈಗಲೇ ಹೇಳಿಟ್ಟಿದ್ದೇನೆ.